ಹನೀಫಾ ಮತ್ತು ಮಗ

ಜನವರಿ 4, 2004

ಅಡಿಕೆ ಮಂಡಿಯವರು ಹೊಸವರ್ಷಕ್ಕೆ ಕೊಟ್ಟ ಡೈರಿ. ಪ್ರತಿವರ್ಷ ಇದರಲ್ಲಿ ನನ್ನ ಹೆಂಡತಿ ಝೊಹರಾ ಹಾಲಿನ ಲೆಕ್ಕ ಬರೆಯುತ್ತಾಳೆ. ಈ ವರ್ಷ ಕೊಡುವುದಿಲ್ಲ ಅಂದೆ. ಮನೆಯಲ್ಲಿ ನನ್ನ ಮಾತು ಕೇಳುವ ಒಬ್ಬ ಜನ ಕಡಿಮೆಯಾಗಿದ್ದಾನೆ. ನನ್ನಂಥ ಬಾಯಿಬಡುಕ ಎಲ್ಲಿಯಾದರೂ ಹೇಳಿಕೊಳ್ಳಬೇಕಲ್ಲ.

ನಿನ್ನೆ ಮಂಗಳೂರಿನಲ್ಲಿ ಮಗ ಸಿನಾನನನ್ನು ಪುಣೆಯ ಬಸ್ಸಿಗೆ ಹತ್ತಿಸಿದೆವು. ಮಿಲಿಟರಿ ಅಕಾಡೆಮಿ. ಭಾವ ಸೌದಿಯ ದಮ್ಮಾಮಿನಿಂದ ವೀಸಾ ಕಳಿಸುತ್ತೇನೆ ಅಂದಾಗ ಬೇಡ ಅಂದವ, ನನ್ನ ಅಂಗಡಿಯಲ್ಲಿ ಕೂತುಕೋ ಅಂದಾಗ ನಕ್ಕವ, ಮೂಡುಬಿದಿರೆ ಕಾಲೇಜಿನಲ್ಲಿ ಎನ್.ಸಿ.ಸಿ. ಬೂಟು ಹಾಕಿದ ದಿನದಿಂದ ನೇರ ನಡೆಯಲು ಶುರುಮಾಡಿದ. ಆಗಲೇ ನನಗೆ ಸಂಶಯ ಬರಬೇಕಿತ್ತು. ನಮ್ಮ ಕುಟುಂಬದಲ್ಲಿ ಯಾರೂ ನೇರ ನಡೆದವರಲ್ಲ, ಎಲ್ಲರೂ ಬಾಡಿಗೆಯ ಪಾತ್ರೆ ಹೊತ್ತು ಬಗ್ಗಿದವರೇ.

ಜೊತೆಗೆ ಅದೇ ಕಾಲೇಜಿನ ಶಿವಕೃಷ್ಣ. ಅವನ ಅಪ್ಪ ಗಜಾನನ ಮಾಷ್ಟ್ರು ಬೆಳ್ತಂಗಡಿಯ ಹೈಸ್ಕೂಲಿನವರು, ಪುಸ್ತಕ ಓದಿದ ಹಾಗೆ ಮಾತಾಡುವ ಜನ. ಬಸ್ಸು ಹೊರಟ ಮೇಲೆ, "ಹನೀಫರೇ, ಇದು ಹೆಮ್ಮೆಯ ಕ್ಷಣ" ಅಂದರು. ಕಣ್ಣಲ್ಲಿ ನೀರು. "ಹೌದು ಮಾಷ್ಟ್ರೇ" ಅಂದೆ. ನನ್ನ ಕಣ್ಣಿಗೆ ಡೀಸೆಲ್ ಹೊಗೆ ಹೋಗಿತ್ತು.

ಮೂರು ವರ್ಷ ಅಲ್ಲಿ, ಮತ್ತೆ ಇನ್ನೊಂದು ವರ್ಷ ಬೇರೆ ಕಡೆ, ಆಮೇಲೆ ಆಫೀಸರ್. ನನ್ನ ವ್ಯಾಪಾರ ಮದುವೆಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವುದು. ಹೊರಗೆ ಹೋದ ಪಾತ್ರೆ ವಾಪಸು ಬಂದಾಗ ಬೆರಳಿನ ಗೆಣ್ಣಿನಿಂದ ತಟ್ಟುತ್ತೇನೆ. ಸ್ವರ ಕೇಳಿದರೆ ಸಾಕು, ಎಲ್ಲಿ ಬಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಇಷ್ಟು ದೀರ್ಘ ಬಾಡಿಗೆಗೆ ನಾನು ಯಾವ ಪಾತ್ರೆಯನ್ನೂ ಕಳಿಸಿದವನಲ್ಲ.

ಒಂದು ಸಂಗತಿ ಇಲ್ಲಿ ಮಾತ್ರ ಬರೆಯುತ್ತೇನೆ. ಗೋದಾಮಿನಲ್ಲಿ ಒಂದು ಬೋರ್ಡು ಉಂಟು. ಹಲಸಿನ ಹಲಗೆ, ಒಂದಾಳು ಉದ್ದ. ಹಳದಿ ಬಣ್ಣದ ಮೇಲೆ ಕೆಂಪಿನಲ್ಲಿ "ಹನೀಫಾ ಮತ್ತು ಮಗ". ಅವನ ಪಿಯುಸಿ ಮುಗಿಯುವ ಮೊದಲೇ ಬರೆಸಿದ್ದು. ಗೋಣಿ ಸುತ್ತಿ ಇಟ್ಟಿದ್ದೇನೆ. ಹುಡುಗರ ಮನಸ್ಸು, ನಾಳೆ ಬದಲಾದರೂ ಬದಲಾದೀತು. ಬೋರ್ಡು ರೆಡಿ ಇರಲಿ.

ಜನವರಿ 18

ಮನೆಗೆ ತಾಗಿದ ಅಂಗಡಿಗೆ ಸಿನಾನನ ಫೋನ್ ಬಂತು, ಮೊದಲನೆಯದು.

"ಎಂತ ಮಾರಾಯ, ಹೇಗಿದ್ದಿ?"

"ಫೈನ್, ಸರ್!"

ನಾನು ತಿರುಗಿ ನೋಡಿದೆ, ಅಂಗಡಿಗೆ ಯಾವ ಸರ್ ಬಂದದ್ದು ಅಂತ. ಯಾರೂ ಇಲ್ಲ. ಸರ್ ನಾನೇ.

ಝೊಹರಾ ಎಂತ ತಿಂದಿ ಅಂತ ಕೇಳಿದಳು. ಅವ ಹೇಳಿದ. ಮತ್ತೆ ಎಂತ ತಿಂದಿ ಅಂತ ಕೇಳಿದಳು. ನನ್ನ ಉಮ್ಮ ಬೀಪಾತುಮ್ಮ, ಸಿನಾನನ ಅಜ್ಜಿ, ರಿಸೀವರನ್ನು ತಲೆಕೆಳಗೆ ಹಿಡಿದು, ಕಿವಿಗೆ ಇಡುವ ಕಡೆಗೆ ದುವಾ ಮಾಡಿದರು. ಬೀಪಾತುಮ್ಮನ ದುವಾಕ್ಕೆ ತಂತಿ ಬೇಡ, ಹೇಗೂ ತಲುಪುತ್ತದೆ.

ಕೊನೆಗೆ ನಾನು ಬಾಯಿ ತೆರೆಯುವ ಮೊದಲೇ ಅವನೇ, "ಇಲ್ಲಿ ಎಲ್ಲ ಸರಿ ಉಂಟು" ಅಂದ. ಪಾತ್ರೆ ವಾಪಸು ತರುವವರು ಕೇಳದೆ "ಎಲ್ಲ ಸರಿ ಉಂಟು" ಅಂದರೆ ನಾನು ಮುಚ್ಚಳ ಎತ್ತಿ ನೋಡುತ್ತೇನೆ.

ಫೆಬ್ರವರಿ 2, ಬಕ್ರೀದ್

ಮುಚ್ಚಳ ಇವತ್ತು ಎದ್ದಿತು.

ಗಜಾನನ ಮಾಷ್ಟ್ರು ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದರು. ಮತ್ತೆ ಗಂಟಲು ಸರಿಮಾಡಿಕೊಂಡು, "ನಮ್ಮ ಶಿವಕೃಷ್ಣ ಹೇಳಬಾರದೆಂದು ಹೇಳಿದ ಒಂದು ವಿಷಯವಿದೆ" ಅಂದರು. ಸಿನಾನನಿಗೆ ಈಜು ಬರುವುದಿಲ್ಲ. ಅಲ್ಲಿ ಈಜು ಕಡ್ಡಾಯ. ಕೊಳದ ಬದಿಯ ಸರಳು ಹಿಡಿದವ ಬಿಡುವುದಿಲ್ಲವಂತೆ. ಮೇ ತಿಂಗಳ ಪರೀಕ್ಷೆಯೊಳಗೆ ಬಾರದಿದ್ದರೆ ಆರು ತಿಂಗಳು ಹಿಂದೆ ಹಾಕುತ್ತಾರೆ. ಹಾಗೆ ಹಿಂದೆ ಬಿದ್ದವರಲ್ಲಿ ಕೆಲವರು ಪೆಟ್ಟಿಗೆ ಕಟ್ಟಿ ಮನೆಗೆ ಹೊರಡುತ್ತಾರಂತೆ.

"ನೀವು ನೇತ್ರಾವತಿಯ ದಂಡೆಯಲ್ಲೇ ಇರುವವರಲ್ಲವೇ?" ಅಂದರು.

ದಂಡೆಯಲ್ಲಿ ಇರುವುದಕ್ಕೇ ಈ ಕಥೆ. ಎಪ್ಪತ್ತನಾಲ್ಕರ ನೆರೆಗೆ ನನಗೆ ಹದಿನೆಂಟು. ನರಿಕೊಂಬಿನ ನಮ್ಮ ಅಂಗಳದಿಂದ ನೀರು ನನ್ನನ್ನು ಎತ್ತಿಕೊಂಡು ಹೋಯಿತು. ಎಲ್ಲಿಂದಲೋ ತೇಲಿ ಬಂದ ಒಂದು ದೊಡ್ಡ ಕಟಾರದ ಕಿವಿ ಕೈಗೆ ಸಿಕ್ಕಿತು, ಬಿರಿಯಾನಿ ಮಾಡುವ ತಾಮ್ರದ್ದು. ಅದರ ಜೊತೆ ತುಂಬೆಯಲ್ಲಿ ದಡ ಹತ್ತಿದೆ. ಕಟಾರ ಯಾರದು ಅಂತ ಊರೆಲ್ಲ ಕೇಳಿದೆ, ಯಾರೂ ಹೌದು ಅನ್ನಲಿಲ್ಲ. ಅದನ್ನು ಒಂದು ಮದುವೆಗೆ ಬಾಡಿಗೆಗೆ ಕೊಟ್ಟೆ. ಹಾಗೆ ಹನೀಫಾ ಸಾಹುಕಾರನಾದದ್ದು. ಈ ಕಥೆಯನ್ನು ನನ್ನ ಎಲ್ಲ ಗಿರಾಕಿಗಳೂ ಕೇಳಿದ್ದಾರೆ, ಕೆಲವರು ಬೇಡ ಅಂದರೂ ಕೇಳಿದ್ದಾರೆ. ಆದರೆ ಆ ದಿನ ಉಮ್ಮ ನನ್ನಿಂದ ಆಣೆ ಹಾಕಿಸಿದ್ದನ್ನು ಹೇಳುವುದಿಲ್ಲ. ನಾನಾಗಲಿ, ನನಗೆ ಹುಟ್ಟುವವರಾಗಲಿ ಹೊಳೆಗೆ ಇಳಿಯುವಂತಿಲ್ಲ. ಸಿನಾನ್ ಬಾವಿಕಟ್ಟೆಯಲ್ಲೇ ಮಿಂದು ದೊಡ್ಡವನಾದ.

ಹಬ್ಬದ ದಿನ ಮಗನಿಗೆ ಕಷ್ಟ ಎಂದು ಕೇಳಿ ಸಂತೋಷಪಡುವವ ನಾನಲ್ಲ. ಆದರೆ ಸಂಜೆ ಗೋದಾಮಿಗೆ ಹೋಗಿ ಬೋರ್ಡಿನ ಗೋಣಿ ಬಿಚ್ಚಿ ಧೂಳು ಒರೆಸಿದೆ. ಇಲಿ ಕಡಿದಿದೆಯಾ ಅಂತ ನೋಡಲು.

ಫೆಬ್ರವರಿ 8

ಝೊಹರಾಳಿಗೆ ಹೇಳಬಾರದಿತ್ತು. ಅವಳು ಬೆಳ್ತಂಗಡಿಗೆ ಫೋನ್ ಮಾಡಿ ಮಾಷ್ಟ್ರ ಹೆಂಡತಿ ಶಂಕರಿಯಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದಳು. ನಮ್ಮ ಕಡೆ ಮಕ್ಕಳು ಈಜು ಕಲಿಯುವುದು ಹೇಗೆ? ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿಸಿ ಕಟ್ಟಿ, ನಡುವೆ ಹೊಟ್ಟೆ ಇಟ್ಟು ತೇಲುವುದು. ಪುಣೆಯಲ್ಲಿ ಅಂಥ ಕಾಯಿ ಎಲ್ಲಿ ಸಿಗುತ್ತದೆ ಅಂತ ಇಬ್ಬರು ಹೆಂಗಸರು ಸೇರಿ ಇಲ್ಲಿಂದಲೇ ಕಳಿಸುವ ನಿರ್ಧಾರ ಮಾಡಿದರು.

ನನ್ನ ಅಂಗಡಿಯ ತುಕ್ರಪ್ಪ ಒಳ್ಳೆಯ ಜೋಡಿ ಆರಿಸಿ ತೆಂಗಿನ ಹುರಿಯಲ್ಲಿ ಬಿಗಿದ. ಪಾರ್ಸೆಲ್ ಹೋಯಿತು.

"ಮಿಲಿಟರಿಯವರ ಹತ್ತಿರ ಇದಕ್ಕಿಂತ ಒಳ್ಳೆಯದು ಇರಬಹುದು ಸಾಹುಕಾರ್ರೇ" ಅಂದ ತುಕ್ರಪ್ಪ.

"ಇದ್ದಿದ್ದರೆ ಹುಡುಗ ಇಷ್ಟು ಹೊತ್ತಿಗೆ ತೇಲುತ್ತಿದ್ದ" ಅಂದಳು ಝೊಹರಾ.

ಫೆಬ್ರವರಿ 22

ಪಾರ್ಸೆಲ್ ಮುಟ್ಟಿದ ವರದಿ ಶಿವಕೃಷ್ಣನಿಂದ ಮಾಷ್ಟ್ರಿಗೆ, ಮಾಷ್ಟ್ರಿಂದ ನನಗೆ.

ಅಲ್ಲಿಯ ಸೀನಿಯರುಗಳು ಅದನ್ನು ಎಲ್ಲರ ಎದುರು ಬಿಚ್ಚಿಸಿದರಂತೆ. ಒಳಗೆ ಹುರಿ ಕಟ್ಟಿದ ಎರಡು ತೆಂಗಿನಕಾಯಿ. "ಇದು ಯಾವ ಪೂಜೆಗೆ?" ಅಂತ ಕೇಳಿದರಂತೆ. ನನ್ನ ಮಗ ಅಟೆನ್ಷನ್‌ನಲ್ಲಿ ನಿಂತು, "ಈಜಲು, ಸರ್. ಅಮ್ಮ ಕಳಿಸಿದ್ದು, ಸರ್" ಅಂದನಂತೆ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಮೈದಾನಕ್ಕೆ ಸುತ್ತು ಬರಬೇಕಾಯಿತು. ಸಂಜೆ ಕಾಯಿ ಒಡೆದು ಎಲ್ಲರೂ ತಿಂದರು. ಈಗ ಅವನ ಹೆಸರು ನಾರಿಯಲ್.

ಝೊಹರಾಳಿಗೆ ನಾನು ಇಷ್ಟೇ ಹೇಳಿದೆ, "ಕಾಯಿ ಉಪಯೋಗಕ್ಕೆ ಬಂತಂತೆ."

ಮಾರ್ಚ್ 7

ಇವತ್ತು ಮೂಡುಬಿದಿರೆ. ಆಯ್ಕೆಯಾದ ಇಬ್ಬರು ಹುಡುಗರ ತಂದೆಯರಿಗೆ ಕಾಲೇಜಿನಲ್ಲಿ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಏಲಕ್ಕಿ ಹಾರ. ಅಲ್ಲಿಯ ಕುರ್ಚಿಗಳು ಒಳ್ಳೆಯವು, ಆದರೆ ಶಾಮಿಯಾನದ ಗೂಟ ಸರಿಯಾಗಿ ಹೊಡೆದಿರಲಿಲ್ಲ.

ಮಾಷ್ಟ್ರು ಬರೆದು ತಂದದ್ದನ್ನು ಓದಿದರು. ನನಗೆ ಮೈಕು ಕೊಟ್ಟರು. ನನಗೆ ಮೈಕು ಕೊಡಬಾರದು, ಊರಿನವರಿಗೆ ಗೊತ್ತುಂಟು, ಮೂಡುಬಿದಿರೆಯವರಿಗೆ ಗೊತ್ತಿರಲಿಲ್ಲ. ಎದುರು ಬಯಲುಸೀಮೆಯಿಂದ ಬಂದ ಅಷ್ಟು ಮಕ್ಕಳು. "ನಾವು ಹೊಳೆಯ ದಂಡೆಯವರು! ನಮ್ಮ ಮನೆಯಲ್ಲಿ ಮಕ್ಕಳು ನಡೆಯುವ ಮೊದಲು ಈಜುತ್ತಾರೆ! ಮಳೆಗಾಲದ ನೇತ್ರಾವತಿಯನ್ನು ನಾನು ದಾಟಿದ್ದೇನೆ, ನನ್ನ ಮಗನೂ ದಾಟಿದ್ದಾನೆ!" ಅಂದುಬಿಟ್ಟೆ. ಚಪ್ಪಾಳೆ ಬಿತ್ತು. ಪೇಪರಿನವನೊಬ್ಬ ಬರೆದುಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ಮಾಷ್ಟ್ರು ತಮ್ಮ ಶಾಲನ್ನು ಮಡಚಿ ಚೀಲಕ್ಕೆ ಹಾಕಿದರು. ಮತ್ತೆ ಮೆಲ್ಲ, "ಹನೀಫರೇ, ನೀವು ಹೇಳಿದ್ದರಲ್ಲಿ ಅರ್ಧವನ್ನಾದರೂ ನಿಜ ಮಾಡುವ" ಅಂದರು.

"ಯಾವ ಅರ್ಧ?"

"ನಿಮ್ಮ ಅರ್ಧ. ಮಗನದ್ದು ಅವನು ನೋಡಿಕೊಳ್ಳಲಿ. ನಾನು ಚಾರ್ಮಾಡಿಯ ಹೊಳೆಯಲ್ಲಿ ಈಜಿ ಬೆಳೆದವನು. ಪ್ರತಿ ಭಾನುವಾರ ಬಂಟ್ವಾಳದ ಅಕ್ಕನ ಮನೆಗೆ ಬರುತ್ತೇನೆ. ಹಾಗೆಯೇ ನರಿಕೊಂಬಿಗೂ ಬರುತ್ತೇನೆ."

"ನನಗೆ ನಲವತ್ತೆಂಟು ಮಾಷ್ಟ್ರೇ!"

"ನೀರು ವಯಸ್ಸು ಕೇಳುವುದಿಲ್ಲ."

"ನನ್ನ ಉಮ್ಮ ಕೇಳುತ್ತಾರೆ."

ಮಾರ್ಚ್ 14

ಡಾಕ್ಟರು ಸಕ್ಕರೆ ಕಾಯಿಲೆಗೆ ವ್ಯಾಯಾಮ ಮಾಡಿ ಅಂದಿದ್ದರು, ಹೋದ ವರ್ಷ. ಅದಕ್ಕಾಗಿ ಬೆಳಿಗ್ಗೆ ಹೊಳೆಯಲ್ಲಿ ದೋಣಿ ದಾಟುವ ಕಡವಿಗೆ ಹೋದೆ. ಬೇರೆ ಕಾರಣ ಇಲ್ಲ.

ಸೊಂಟದವರೆಗೆ ಇಳಿದೆ. ಮಾಷ್ಟ್ರು, "ಇನ್ನೊಂದು ಹೆಜ್ಜೆ" ಅಂದರು. ನಾನು ಹೊಳೆಯ ಬಗ್ಗೆ, ನೆರೆಯ ಬಗ್ಗೆ, ಕಟಾರದ ಬಗ್ಗೆ ಮಾತಾಡಿದೆ. ಅವರು ಪೂರ್ತಿ ಕೇಳಿ, "ಇನ್ನೊಂದು ಹೆಜ್ಜೆ" ಅಂದರು. ಪಾಠ ಮಾಡುವ ಜನಕ್ಕೆ ದಾಕ್ಷಿಣ್ಯ ಇಲ್ಲ.

ಮಾರ್ಚ್ 21

ತೆಂಗಿನಕಾಯಿ ಕಟ್ಟಿಕೊಂಡೆ. ಕಾಯಿ ತೇಲಿತು. ನಾನು ಪಕ್ಕದಲ್ಲಿ ಮುಳುಗಿದೆ.

ಮಾರ್ಚ್ 28

ಮೂಗಿನಲ್ಲಿ ನೀರು. ಮಾಷ್ಟ್ರು ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದರು. ಅಪ್ಪ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ದಡದಲ್ಲಿ ತುಕ್ರಪ್ಪ, "ಈ ಪಾತ್ರೆಗೆ ಕಲಾಯಿ ಬೇಕು" ಅಂದ.

ಏಪ್ರಿಲ್ 11

ಚುನಾವಣೆ. ಎರಡು ಪಕ್ಷದವರಿಗೂ ನನ್ನದೇ ಕುರ್ಚಿ. ಬೆಳಿಗ್ಗೆ ಒಬ್ಬರು ಕೂತದ್ದರ ಮೇಲೆ ಸಂಜೆ ಇನ್ನೊಬ್ಬರು ಕೂರುತ್ತಾರೆ. ಇಂಥ ಸೀಸನಿನಲ್ಲಿ ಬೆಳಿಗ್ಗೆ ಅಂಗಡಿ ಬಿಟ್ಟು ಎಲ್ಲಿಗೆ ಹೋಗುತ್ತೀರಿ ಅಂತ ಒಬ್ಬ ಕಾರ್ಯಕರ್ತ ಕೇಳಿದ. ಸಕ್ಕರೆ ಕಾಯಿಲೆ ಅಂದೆ.

ಇವತ್ತು ಕಾಯಿಯ ಮೇಲೆ ತೇಲುತ್ತಾ ಕಾಲು ಬಡಿಯುತ್ತಿದ್ದೆ. ದಡದಿಂದ ಸ್ವರ ಬಂತು.

"ಮಂಡಿ ಮಡಚಬೇಡ! ತೊಡೆಯಿಂದ ಬಡಿ!"

ಮಾಷ್ಟ್ರ ಸ್ವರ ಅಲ್ಲ. ನೋಡಿದರೆ ಉಮ್ಮ. ಎಪ್ಪತ್ತು ದಾಟಿದ ಹೆಂಗಸು, ಕೊಡೆ ಊರಿಕೊಂಡು ಕಲ್ಲಿನ ಮೇಲೆ ನಿಂತಿದ್ದಾರೆ. ಹೆದರಿ ಕಾಯಿ ಬಿಟ್ಟೆ, ನೀರು ಕುಡಿದೆ. ಮಾಷ್ಟ್ರು ಎಳೆದು ದಡಕ್ಕೆ ಹಾಕಿದರು.

"ಉಮ್ಮ, ಆಣೆ..." ಅಂದೆ.

"ಕೂದಲು ಒದ್ದೆ ಮಾಡಿಕೊಂಡು ಪ್ರತಿ ಭಾನುವಾರ ಬರುತ್ತಿ, ನನಗೆ ಕಣ್ಣಿಲ್ಲವಾ? ಆಣೆ ಹಾಕಿಸಿದವಳು ನಾನು, ತೆಗೆಯುವವಳೂ ನಾನೇ." ಮತ್ತೆ ಮಾಷ್ಟ್ರ ಕಡೆ ತಿರುಗಿ, "ಇವನಿಗೆ ಉಸಿರು ಬಿಡಲು ಯಾರು ಕಲಿಸಿದ್ದು? ಬಾಯಿ ಯಾವಾಗಲೂ ತೆರೆದೇ ಉಂಟಲ್ಲ!" ಅಂದರು.

ಮಾಷ್ಟ್ರು ಕೈ ಮುಗಿದರು.

"ನಿಮಗೆ ಈಜು ಬರುತ್ತದಾ?" ಅಂತ ಕೇಳಿದೆ. ನನ್ನ ತಾಯಿಯ ಹತ್ತಿರ, ಈ ವಯಸ್ಸಿನಲ್ಲಿ.

ಸೊಪ್ಪಿನ ಕಟ್ಟು ತಲೆಯಲ್ಲಿಟ್ಟು ಈ ಹೊಳೆ ದಾಟಿದವರಂತೆ, ಮದುವೆಗೆ ಮೊದಲು. ಮತ್ತೆ ಯಾಕೆ ನಮಗೆ ಆಣೆ ಅಂದರೆ, ಕೊಡೆಯ ತುದಿಯಿಂದ ದಡದ ಹೊಯಿಗೆ ಮರಳು ಕೆದಕಿದರು. "ನೆರೆಯ ದಿನ ನಿನ್ನ ಹಿಂದೆ ನಾನೂ ಇಳಿದಿದ್ದೆ. ಅರ್ಧದಿಂದ ತಿರುಗಿ ಬರಬೇಕಾಯಿತು. ಆಮೇಲೆ ನನಗೆ ಆ ಈಜು ಬೇಡ ಅಂತಾಯಿತು." ಮತ್ತೆ ತಕ್ಷಣ, "ಎಂತ ಕೂತದ್ದು? ಇಳಿ ನೀರಿಗೆ" ಅಂದರು.

ಏಪ್ರಿಲ್ 18

ಫೋನಿನಲ್ಲಿ ಝೊಹರಾ ಎಲ್ಲ ಹೇಳಿಬಿಟ್ಟಳು. "ನಿನ್ನ ಉಪ್ಪ ತೆಂಗಿನಕಾಯಿ ಕಟ್ಟಿಕೊಂಡು ಹೊಳೆಯಲ್ಲಿ, ಅಜ್ಜಿ ದಡದಲ್ಲಿ ನಿಂತು ಬೈಯುವುದು." ಆ ಕಡೆಯಿಂದ ನಗು. ಎಷ್ಟು ಹೊತ್ತು ನಕ್ಕ ಅಂದರೆ ನಾನು ರಿಸೀವರ್ ಕಸಿದು, "ಸಾಕು, ಬಿಲ್ಲು ಬರುತ್ತದೆ" ಅಂದೆ.

"ಉಪ್ಪಾ, ನಾನೂ ಸರಳು ಬಿಟ್ಟೆ" ಅಂದ. ಸರ್ ಅನ್ನಲಿಲ್ಲ. "ಕೊಳದ ಒಂದು ಅಗಲ ಈಜಿದೆ."

"ನಾನು ಕಾಯಿ ಬಿಟ್ಟು ಎರಡು ದೋಣಿ ಉದ್ದ ಹೋದೆ" ಅಂದೆ. ಒಂದೇ ದೋಣಿ. ಆದರೆ ದೊಡ್ಡ ದೋಣಿ.

ಮೇ 2

ಈಜು ಪಾಸ್! ಕೊಳದ ಉದ್ದಕ್ಕೆ ಹೋಗಿ ಬಂದನಂತೆ. ಝೊಹರಾ ಪಾಯಸ ಮಾಡಿದಳು, ನನಗೆ ಅರ್ಧ ಲೋಟ.

ಆದರೆ ಇನ್ನೊಂದು ಬಾಕಿ ಉಂಟು. ಮಾಳಿಗೆಯಷ್ಟು ಎತ್ತರದಲ್ಲಿ ಒಂದು ಹಲಗೆ. ಅದರ ತುದಿಯಿಂದ ನೀರಿಗೆ ಹಾರಬೇಕು. ಮೂರು ಸಲ ಏಣಿ ಹತ್ತಿದ್ದಾನೆ, ಮೂರು ಸಲ ಇಳಿದಿದ್ದಾನೆ. ಕೊನೆಯ ಅವಕಾಶ ಬರುವ ಶುಕ್ರವಾರದ ಆಚೆ ಶುಕ್ರವಾರ. ಇದನ್ನು ಶಿವಕೃಷ್ಣ ಹೇಳಿದ್ದಲ್ಲ, ಅವನೇ ಹೇಳಿದ್ದು. "ಎಲ್ಲ ಸರಿ ಉಂಟು" ಅನ್ನಲಿಲ್ಲ.

ಮೇ 5

ಹಲಗೆಯ ಹೆದರಿಕೆ ಎಂಥದು ಅಂತ ಹಲಗೆ ಹತ್ತದೆ ಗೊತ್ತಾಗುವುದಿಲ್ಲ. ಕಡವಿನ ಮೇಲುಭಾಗದಲ್ಲಿ ಎತ್ತರದ ಬಂಡೆ ಉಂಟು, ಕೆಳಗೆ ಆಳ. ಗಟ್ಟಿ ಹಲಗೆ ಬೇಕು. ಗೋದಾಮಿನಲ್ಲಿ ಹುಡುಕಿದೆ. ಒಂದೇ ಇತ್ತು.

ತುಕ್ರಪ್ಪ ಗೋಣಿ ಬಿಚ್ಚಿ ಓದಿದ. ನನ್ನ ಮುಖ ನೋಡಿದ. "ಇದನ್ನಾ?"

"ಹಲಸು ನೀರಿಗೆ ಹಾಳಾಗುವುದಿಲ್ಲ" ಅಂದೆ.

ಹಿಂದಿನ ತುದಿಗೆ ಕಲ್ಲು ಹೇರಿ ಹಗ್ಗದಲ್ಲಿ ಕಟ್ಟಿದ. ನೀರಿನ ಕಡೆಯ ತುದಿ ಜಾರಬಾರದೆಂದು, ಪಾತ್ರೆ ಉಜ್ಜುವ ಅಭ್ಯಾಸದಲ್ಲಿ, ತೆಂಗಿನ ನಾರು ಮತ್ತು ಹೊಯಿಗೆ ಹಾಕಿ ಚೆನ್ನಾಗಿ ತಿಕ್ಕಿದ. ನಾನು ಹತ್ತಿದೆ. ಕೆಳಗೆ ನೋಡಿದೆ. ಇಳಿದೆ.

ಮೇ 7

ಹತ್ತಿದೆ, ಇಳಿದೆ. ಉಮ್ಮ, "ನಾನು ಹಾರಿ ತೋರಿಸಲಾ?" ಅಂದರು. ಹಾರಿಯಾರು ಅಂತ ಹೆದರಿ ನಾನೇ ಹಾರಿದೆ. ಬಾಯಿ ಮುಚ್ಚಿ ನಿಂತರೆ ಹೆದರಿಕೆ ಏರುತ್ತದೆ, ಮಾತಾಡುತ್ತಿದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ. ಬಾಯಿಗೆ ಬಂದದ್ದು ಪಾತ್ರೆಗಳ ಹೆಸರು. ಕಟಾರ, ಕೊಪ್ಪರಿಗೆ, ಸಟ್ಟುಗ ಪೂರ್ತಿ ಆಗುವ ಮೊದಲೇ ನೀರು. ಹೊಟ್ಟೆ ಅಡಿಯಾಗಿ ಬಿದ್ದೆ. ಆ ಸದ್ದಿಗೆ ಆಚೆ ದಡದ ಕೊಕ್ಕರೆ ಎದ್ದವು.

ಮೇ 9

ಫೋನ್. ಸಿನಾನನ ಸ್ವರ ಬಿದ್ದಿತ್ತು.

"ಉಪ್ಪಾ, ನನ್ನಿಂದ ಆಗುವುದಿಲ್ಲ ಅಂತ ಕಾಣುತ್ತದೆ. ನಾನು ಬಂದುಬಿಡುತ್ತೇನೆ."

ನಾನು ಸುಮ್ಮನಿದ್ದೆ. ನಾನು!

"ಬೋರ್ಡು ಬರೆಸಿದ್ದು ನನಗೆ ಗೊತ್ತುಂಟು. ಗೋದಾಮಿನಲ್ಲಿ ನೋಡಿದ್ದೇನೆ. ಬಂದು ಅದನ್ನೇ ಹಾಕುವ."

ಜನವರಿಯಿಂದ ಈ ಮಾತಿಗೆ ಅಂಗಡಿ ತೆರೆದು ಕೂತವ ನಾನು. ಗಿರಾಕಿ ತಾನಾಗಿ ಬಂದು ಸಾಮಾನು ಕೇಳುತ್ತಿದ್ದಾನೆ. ಹೂಂ ಅಂದರೆ ಮುಗಿಯಿತು.

"ಬೋರ್ಡು ಖಾಲಿ ಇಲ್ಲ" ಅಂದೆ. "ಬಾಡಿಗೆಗೆ ಹೋಗಿದೆ."

"ಯಾರಿಗೆ?"

"ನನಗೇ. ಕಡವಿನ ಬಂಡೆಯ ಮೇಲೆ ಉಂಟು. ಮೊನ್ನೆಯಿಂದ ಅದರಿಂದ ಹಾರುತ್ತಿದ್ದೇನೆ. ಹೊಟ್ಟೆ ಕೆಂಪಾಗಿದೆ, ನಿನ್ನ ಉಮ್ಮ ತೆಂಗಿನೆಣ್ಣೆ ಹಚ್ಚುತ್ತಾ ಬೈಯುತ್ತಾಳೆ."

"ಹೆದರಿಕೆ ಆಗಲಿಲ್ಲವಾ?" ಅಂದ.

"ಆಯಿತು. ಇವತ್ತು ಬೆಳಿಗ್ಗೆಯೂ ಆಯಿತು. ಅದು ಹೋಗುವ ಜಾತಿ ಅಲ್ಲ, ಜೊತೆಯಲ್ಲೇ ಕರೆದುಕೊಂಡು ಹಾರಬೇಕು. ಬಾಯಿ ಮುಚ್ಚಬೇಡ. ಜೋರಾಗಿ ಪಾತ್ರೆಯ ಹೆಸರು ಹೇಳು. ದೊಡ್ಡದರಿಂದ ಶುರುಮಾಡು."

"ಅಲ್ಲಿ ಎಲ್ಲರೂ ಇರುತ್ತಾರೆ ಉಪ್ಪಾ!"

"ಕುತ್ತಿಗೆಗೆ ತೆಂಗಿನಕಾಯಿ ಹಾಕಿ ಓಡಿದವನಿಗೆ ಇನ್ನೆಂತ ಮಾನ?"

ನಕ್ಕ, ಫೋನ್ ಇಟ್ಟ.

ಝೊಹರಾ ಬಾಗಿಲಲ್ಲಿ ನಿಂತಿದ್ದಳು. "ಬರುತ್ತೇನೆ ಅಂದನಾ?" "ಅಂದ." "ನೀವು?" "ಜಾಗ ಇಲ್ಲ ಅಂದೆ." ಅವಳು ಒಳಗೆ ಹೋಗಿ ಚಾ ತಂದಳು. ಸಕ್ಕರೆ ಹಾಕಿದ್ದಳು.

ಮೇ 14

ಶುಕ್ರವಾರ. ಜುಮಾದಿಂದ ಬಂದು ಫೋನಿನ ಎದುರು ಕೂತೆ. ಮದುವೆಯ ಪಾತ್ರೆ ವಾಪಸು ಬಂತು, ಒಂದು ಕೊಪ್ಪರಿಗೆಗೆ ಇಷ್ಟು ದೊಡ್ಡ ತಗ್ಗು. "ಇರಲಿ ಬಿಡು, ಮದುವೆ ಅಲ್ಲವಾ" ಅಂದೆನಂತೆ. ತುಕ್ರಪ್ಪ ನನ್ನ ಹಣೆ ಮುಟ್ಟಿ ನೋಡಿದ.

ಸಂಜೆ ಫೋನ್. ಮಾಷ್ಟ್ರು.

"ಹಾರಿದ! ಹನೀಫರೇ, ಹಾರಿದ ಮಾರಾಯ್ರೇ!" ಮಾಷ್ಟ್ರ ಬಾಯಲ್ಲಿ ಮಾರಾಯ್ರೇ ಕೇಳಿದ್ದು ಇದೇ ಮೊದಲು. "ಹಲಗೆಯ ತುದಿಯಿಂದ, ಕಟಾರ! ಕೊಪ್ಪರಿಗೆ! ಸಟ್ಟುಗ! ಎಂದು ಕೂಗುತ್ತಾ ಹಾರಿದನಂತೆ. ಇದು ಯಾವ ರೆಜಿಮೆಂಟಿನ ಘೋಷಣೆ ಎಂದು ಕೇಳಿದರಂತೆ. ಹಿಂದಿನಿಂದ ಶಿವಕೃಷ್ಣ, ಬಂಟ್ವಾಳದ್ದು ಸರ್ ಎಂದನಂತೆ!"

ಸಟ್ಟುಗದವರೆಗೆ ಪೂರ್ತಿ ಹೇಳಿದನಂತೆ. ಅಂದರೆ ಅಲ್ಲಿಯ ಹಲಗೆ ನಮ್ಮದಕ್ಕಿಂತ ಎತ್ತರ.

ಅಂಗಡಿಯ ಎದುರು ಹೋದವರಿಗೆಲ್ಲ ಹೇಳಿದೆ. ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವ ಬಸ್ಸು ನಿಲ್ಲಿಸಿ ಕೇಳಿದ.

ಮೇ 30

ಸಿನಾನ್ ಬಂದು ಎರಡು ದಿನವಾಯಿತು. ಕಪ್ಪಾಗಿದ್ದಾನೆ, ಗಟ್ಟಿಯಾಗಿದ್ದಾನೆ. ಉಂಡ ಬಟ್ಟಲನ್ನು ತಾನೇ ತೊಳೆಯುತ್ತಾನೆ. ಝೊಹರಾಳಿಗೆ ಅದು ಸಹಿಸುವುದಿಲ್ಲ, ತೊಳೆದದ್ದನ್ನು ಮತ್ತೆ ತೊಳೆಯುತ್ತಾಳೆ. ಬಾಗಿಲಿನಲ್ಲೇ ಅವನ ಹೆಗಲನ್ನು ಗೆಣ್ಣಿನಿಂದ ತಟ್ಟಿದೆ. "ಎಂತ ಉಪ್ಪಾ?" ಅಂದ. ಎಂತ ಇಲ್ಲ ಅಂದೆ. ಸ್ವರ ಒಳ್ಳೆಯದಿತ್ತು.

ಇವತ್ತು ಕಡವಿನಲ್ಲಿ ಜಾತ್ರೆಯೇ. ಮಾಷ್ಟ್ರು, ಶಂಕರಿಯಮ್ಮ, ಶಿವಕೃಷ್ಣ ಬೆಳ್ತಂಗಡಿಯಿಂದ ಬಂದರು. ಝೊಹರಾ ತಿಂಡಿ ತಂದಳು. ಉಮ್ಮನಿಗೆ ನನ್ನ ಅಂಗಡಿಯ ಕುರ್ಚಿ. ಮೊದಲು ಹುಡುಗರು ಹಾರಿದರು, ನೇರ, ಕಡ್ಡಿಯ ಹಾಗೆ. ಮತ್ತೆ ನಾನು. ಬಿದ್ದ ಸದ್ದಿಗೆ ಶಂಕರಿಯಮ್ಮ ಕಿವಿ ಮುಚ್ಚಿಕೊಂಡರು. ಮೇಲೆ ಬಂದು ಉಮ್ಮನ ಕಡೆ ನೋಡಿದೆ.

"ಮಗನದ್ದು ಹಾರುವುದು. ನಿನ್ನದು ಬೀಳುವುದು" ಅಂದರು.

ಮಧ್ಯಾಹ್ನ ಘಟ್ಟದ ಕಡೆ ಮೋಡ ಕಟ್ಟಿತು. ಇನ್ನು ಹೊಳೆ ಏರುತ್ತದೆ, ಬೋರ್ಡು ತೆಗೆಯಬೇಕು. ನಾನೂ ಸಿನಾನನೂ ಎರಡು ತುದಿ ಹಿಡಿದು ಅಂಗಡಿಯವರೆಗೆ ಹೊತ್ತು ತಂದೆವು. ಜುಲೈಯಲ್ಲಿ ಅವ ವಾಪಸು ಹೋಗುತ್ತಾನೆ. ಝೊಹರಾ ಈಗಲೇ ಉಪ್ಪಿನಕಾಯಿ ಹಾಕುತ್ತಿದ್ದಾಳೆ. ಈ ಸಲ ತೆಂಗಿನಕಾಯಿ ಬೇಡ ಅಂತ ಅವ ಕೈ ಮುಗಿದು ಕೇಳಿಕೊಂಡಿದ್ದಾನೆ.

"ಸಾಹುಕಾರ್ರೇ, ಗೋದಾಮಿಗಾ, ಬಾಗಿಲ ಮೇಲೆಯಾ?" ತುಕ್ರಪ್ಪ ಕೇಳಿದ.

"ಬಾಗಿಲ ಮೇಲೆ."

ಹತ್ತಿ ಮೊಳೆ ಹೊಡೆದ ಮೇಲೆ ಮೂವರೂ ರಸ್ತೆಗೆ ಹೋಗಿ ನೋಡಿದೆವು. ಹೊಯಿಗೆ ಹಾಕಿ ತಿಕ್ಕಿದ್ದಕ್ಕೂ ನನ್ನ ಕಾಲಿಗೂ ಸಿಕ್ಕಿ ನೀರಿನ ಕಡೆಯ ತುದಿಯಲ್ಲಿ ಬಣ್ಣ ಪೂರ್ತಿ ಹೋಗಿದೆ. ಹನೀಫಾ ಇಲ್ಲ. ಉಳಿದದ್ದು "ಮತ್ತು ಮಗ".

"ಪೈಂಟರಿಗೆ ಹೇಳಿ ಬರೆಸುವ ಉಪ್ಪಾ" ಅಂದ ಸಿನಾನ್.

ಬೇಡ ಅಂದೆ. ಹಾಗೆಯೇ ಇರಲಿ. ನಾಳೆಯಿಂದ ಬಂದವರೆಲ್ಲ ಇದೆಂಥ ಬೋರ್ಡು ಅಂತ ಕೇಳುತ್ತಾರೆ, ನನಗೆ ಹೇಳಲು ಒಂದು ಹೊಸ ಕಥೆ. ಕಟಾರದ ಕಥೆ ಕೇಳಿ ಅವರಿಗೂ ಸಾಕಾಗಿರಬಹುದು.